ಭತ್ತದ ಎಲೆಯನ್ನೇ ತಿದ್ದಬೇಕೆ?

ಭತ್ತದ ಎಲೆಯೂ ಜೋಳದ ಎಲೆಯ ಹಾಗೆ ಕಡಿಮೆ ನೀರಿನಲ್ಲಿ ದುಡಿಯುವಂತೆ ಅದರ ವಂಶವಾಹಿಗಳನ್ನು ತಿದ್ದಲು ವಿಜ್ಞಾನಿಗಳು ಹೊರಟಿದ್ದಾರೆ. ಅದು ನಮಗೆ ಬೇಕೆ?

ಪರ

ರಾಯಚೂರಿನ ಎರೆಹೊಲದ ಹಿಂಗಾರಿ ಬಿಳಿಜೋಳಕ್ಕೆ ಸಾಮಾನ್ಯವಾಗಿ ಯಾರೂ ನೀರು ಕಟ್ಟುವುದಿಲ್ಲ. ನೆಲದಲ್ಲುಳಿದ ಹಸಿಯಲ್ಲೇ ತೆನೆ ಬರುತ್ತದೆ. ಅತ್ತ ಸಿಂಧನೂರಿನ ಭತ್ತದ ಮಡಿಯಲ್ಲಿ ತುಂಗಭದ್ರಾ ಕಾಲುವೆ ನೀರು ನಿಂತಿರಬೇಕು. ಈ ವ್ಯತ್ಯಾಸಕ್ಕೆ ಒಂದು ಕಾರಣ ಎಲೆಯೊಳಗಿದೆ. ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹಿಡಿಯಬೇಕಾದ ರೂಬಿಸ್ಕೋ ಎಂಬ ಕಿಣ್ವ ಭತ್ತದಲ್ಲಿ ಆಗಾಗ ಆಮ್ಲಜನಕವನ್ನು ಹಿಡಿದುಬಿಡುತ್ತದೆ; ಗಿಡ ಗಳಿಸಿದ್ದರಲ್ಲಿ ಒಂದಷ್ಟು ಅಲ್ಲೇ ಸೋರಿಹೋಗುತ್ತದೆ. ಸೆಕೆ ಏರಿದಷ್ಟೂ ಈ ಎಡವಟ್ಟು ಜಾಸ್ತಿ. ನಮ್ಮ ಬೇಸಿಗೆ ಬೆಳೆಯ ಗತಿ ಊಹಿಸಿಕೊಳ್ಳಿ. ಸಿ4 ಗುಂಪಿನ ಜೋಳ ಡೈಆಕ್ಸೈಡನ್ನು ಮೊದಲೇ ಒತ್ತಾಗಿ ತುಂಬಿಕೊಂಡು ಕಿಣ್ವಕ್ಕೆ ಒದಗಿಸುತ್ತದೆ. ಹಾಗಾಗಿ ಎಲೆಯ ರಂಧ್ರಗಳನ್ನು ಅಷ್ಟು ತೆರೆಯಬೇಕಿಲ್ಲ, ನೀರೂ ಉಳಿಯುತ್ತದೆ.

ಹಸಿರು ಕ್ರಾಂತಿ ಗಿಡವನ್ನು ಗಿಡ್ಡ ಮಾಡಿ, ಹುಲ್ಲಿಗೆ ಹೋಗುತ್ತಿದ್ದ ಸಾರವನ್ನು ಕಾಳಿಗೆ ತಿರುಗಿಸಿತು. ಆ ದಾರಿಯಲ್ಲಿ ಇನ್ನು ಹೆಚ್ಚು ಸಿಗುವಂತಿಲ್ಲ. ಉಳಿದಿರುವುದು ಎಲೆಯ ದುಡಿಮೆ, ಅಂದರೆ ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ದ್ಯುತಿಸಂಶ್ಲೇಷಣೆ. ಮೋಡದ ನೆರಳು ಬಿದ್ದಾಗ ಎಲೆ ಬೇಗ ಹೊಂದಿಕೊಳ್ಳುವಂತೆ ಸೋಯಾಬೀನನ್ನು ತಿದ್ದಿದ ಅಮೆರಿಕದ ಇಲಿನಾಯ್ ತಂಡ ಹೊಲದಲ್ಲೇ ಸರಾಸರಿ ಶೇ. 24ಕ್ಕೂ ಹೆಚ್ಚು ಇಳುವರಿ ಏರಿಕೆ ಕಂಡು 2022ರಲ್ಲಿ ಪ್ರಕಟಿಸಿತು. ಕಾಲುವೆ ಕೊನೆಭಾಗದವರಿಗೆ ಕಡಿಮೆ ನೀರಿನ ಭತ್ತಕ್ಕಿಂತ ಬೇರೇನು ಬೇಕು?

ವಿರೋಧ

ಅದೇ ಸೋಯಾ 2021ರ ಹೊಲದ ಪ್ರಯೋಗದಲ್ಲಿ ಬಿರುಗಾಳಿಗೆ ನೆಲಕ್ಕೊರಗಿತು, ಲಾಭ ಸ್ಪಷ್ಟವಾಗಿ ಕಾಣಲಿಲ್ಲ. ಭತ್ತಕ್ಕೆ ಜೋಳದ ಗುಣ ತರುವ ಸಿ4 ಅಕ್ಕಿ ಯೋಜನೆ 2008ರಿಂದ ನಡೆದಿದೆ, ರೈತನ ಕೈಗೆ ಒಂದು ಹಿಡಿ ಬೀಜವೂ ಬಂದಿಲ್ಲ. ವಿಜ್ಞಾನಿಗಳನ್ನು ದೂರುವಂತಿಲ್ಲ; ಒಂದೆರಡು ವಂಶವಾಹಿ ತಿದ್ದಿದರೆ ಮುಗಿಯುವ ಕೆಲಸವಲ್ಲ ಅದು. ಎಲೆಯ ನರಗಳ ಸುತ್ತಲಿನ ಕೋಶಗಳ ರಚನೆಯೇ ಬದಲಾಗಬೇಕು. 2025ರಲ್ಲಿ ಕೇಂದ್ರ ಘೋಷಿಸಿದ ಜೀನ್ ತಿದ್ದಿದ 'ಕಮಲಾ' ತಳಿ ನಮ್ಮವರು ಬಿಪಿಟಿ ಎನ್ನುವ ಸಾಂಬಾ ಮಸೂರಿಯಿಂದಲೇ ಬಂದದ್ದು ನಿಜ. ಆದರೆ ಅಲ್ಲಿ ತಿದ್ದಿದ್ದು ತೆನೆಯ ಕಾಳಿನ ಸಂಖ್ಯೆಗೆ ಸಂಬಂಧಿಸಿದ ವಂಶವಾಹಿ, ದ್ಯುತಿಸಂಶ್ಲೇಷಣೆಯದ್ದಲ್ಲ.

ಇನ್ನು ಕೊನೆಭಾಗದ ಮಾತು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಎರಡನೇ ಬೆಳೆಯ ಚಿಂತೆ ಹತ್ತಿದ್ದು ಎಲೆಯ ಸೋಮಾರಿತನದಿಂದಲ್ಲ. ಹೂಳು, ಮೇಲ್ಭಾಗದ ಅಕ್ರಮ ಪಂಪ್‌ಸೆಟ್ಟು, ಸವುಳು-ಜವುಳಾದ ನೆಲ, ಇವನ್ನೆಲ್ಲ ಯಾವ ಕಿಣ್ವ ಸರಿಮಾಡೀತು?

ನನಗಂತೂ ಇದು ವಿಚಿತ್ರವಾಗಿ ಕಾಣುತ್ತದೆ: ಭತ್ತವನ್ನು ಜೋಳದ ಹಾಗೆ ಮಾಡಲು ದಶಕಗಳ ದುಡಿಮೆ, ಪಕ್ಕದ ಹೊಲದಲ್ಲಿರುವ ನಿಜವಾದ ಜೋಳಕ್ಕೆ ಗಿರಾಕಿ ಇಲ್ಲ. ಜೋಳದ ಖರೀದಿ ಕೇಂದ್ರ ಸುಗ್ಗಿಯ ಹೊತ್ತಿಗೇ ತೆರೆದು, ತೂಕ ಹಾಕಿದ ಹಣ ತಡವಿಲ್ಲದೆ ಖಾತೆಗೆ ಬೀಳಲಿ. ಕೊನೆಭಾಗದಲ್ಲಿ ಎಷ್ಟು ಎಕರೆ ಭತ್ತ ಬಿಟ್ಟು ಜೋಳಕ್ಕೆ ತಿರುಗುತ್ತದೆಂದು ಆಮೇಲೆ ಲೆಕ್ಕ ಹಾಕೋಣ.