ಎರವಲು ಪಾತ್ರೆ

ಹನ್ನೆರಡು ವರ್ಷ ಜಾವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದೇ ಅನ್ನ ತಿಂದವನು ನಾನು. ಈಗ ಹೊಸ ಪ್ರಾಜೆಕ್ಟಿಗೆ ರಸ್ಟ್ ಅನ್ನುವ ಇನ್ನೊಂದು ಭಾಷೆ ಕಲಿಯಿರಿ ಅಂದರು. ಒಂದು ವಾರದ ಕೆಲಸ ಅಂದುಕೊಂಡೆ. ಮೂರು ವಾರ ಆಯಿತು.

ಹೆಸರೇ ವಿಚಿತ್ರ. ತುಕ್ಕು! ಅದೂ ಕಬ್ಬಿಣದ್ದಲ್ಲ. 2006ರಲ್ಲಿ ಇದನ್ನು ಸುಮ್ನೆ ಹವ್ಯಾಸಕ್ಕೆ ಶುರು ಮಾಡಿದ ಗ್ರೇಡನ್ ಹೋರ್ ಮನಸ್ಸಿನಲ್ಲಿದ್ದದ್ದು ಗಿಡಗಳಿಗೆ ತುಕ್ಕು ರೋಗ ತರುವ ಶಿಲೀಂಧ್ರವಂತೆ. ಏನು ಮಾಡಿದರೂ ಸಾಯದ ಜಾತಿ ಅನ್ನುವ ಮೆಚ್ಚುಗೆ. ಕಾಫಿ ತೋಟದವರ ಮುಂದೆ ಮಾತ್ರ ಈ ಹೆಸರು ಎತ್ತಬಾರದು.

ಮೊದಲ ದಿನ 'ಎ' ಎಂಬ ಹೆಸರಿನಲ್ಲಿ ಒಂದು ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು, ಇಟ್ಟೆ. ಅದನ್ನು 'ಬಿ'ಗೆ ಕೊಟ್ಟೆ. ಆಮೇಲೆ 'ಎ' ಪ್ರಿಂಟ್ ಮಾಡು ಅಂದೆ. ಬರೆದದ್ದನ್ನು ಪರೀಕ್ಷಿಸಿ ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಒಪ್ಪಲಿಲ್ಲ. ಎರರ್ ಇ0382. ಆಗಲೇ ಕೊಟ್ಟಾಯಿತಲ್ಲ, ಈಗ ಕೇಳಿದರೆ ಎಲ್ಲಿಂದ ತರಲಿ ಅನ್ನುವ ಧಾಟಿ. ಯಾವ ಸಾಲಿನಲ್ಲಿ ಕೊಟ್ಟೆ ಅಂತ ಗೆರೆ ಎಳೆದು ಬೇರೆ ತೋರಿಸಿತು. ಸ್ಟ್ರಿಂಗ್ ಬದಲು 5 ಇಟ್ಟು ನೋಡಿದೆ. ತಕರಾರೇ ಇಲ್ಲ!

ಇದು ನಮ್ಮಮ್ಮನ ಲೆಕ್ಕ. ಸಾರಿನ ಪುಡಿಯ ಅಳತೆ ಹೇಳಿಕೊಟ್ಟರೆ ಅದು ಅವರಲ್ಲೂ ಇರುತ್ತದೆ, ನಮ್ಮಲ್ಲೂ ಇರುತ್ತದೆ. ಇಡ್ಲಿ ಪಾತ್ರೆ ಹಾಗಲ್ಲ. ಕೊಟ್ಟೇಬಿಟ್ಟದ್ದೋ, ಎರವಲೋ ಅನ್ನುವುದು ಮೊದಲೇ ತೀರ್ಮಾನ ಆಗಿರಬೇಕು. ರಸ್ಟ್‌ನಲ್ಲಿ ಎರವಲಿಗೆ ಹೆಸರಿಗೆ ಮೊದಲು '&' ಅನ್ನುವ ಚಿಹ್ನೆ ಹಾಕುತ್ತಾರೆ. ಕಡ ಅಲ್ಲ ನೋಡಿ, ಎರವಲು. ಕಡ ತಂದ ಸಕ್ಕರೆಗೆ ಬೇರೆ ಸಕ್ಕರೆ ಕೊಡಬಹುದು. ಎರವಲು ತಂದ ಪಾತ್ರೆ ಅದೇ ವಾಪಸ್ ಹೋಗಬೇಕು. ಇಂಗ್ಲಿಷಿನವರಿಗೆ ಎರಡಕ್ಕೂ ಒಂದೇ ಮಾತು, ಪಾಪ.

ಇನ್ನೊಂದು ಮಡಿ ಇದೆ. ಉಪ್ಪಿನಕಾಯಿ ಜಾಡಿಯನ್ನು ಎಷ್ಟು ಜನ ಬೇಕಾದರೂ ನೋಡಬಹುದು. ಚಮಚ ಹಾಕುವವರು ಒಬ್ಬರೇ. ಅವರು ಕೈ ತೆಗೆಯುವವರೆಗೆ ಬೇರೆಯವರು ಇಣುಕುವಂತೆಯೂ ಇಲ್ಲ.

ಜಾವಾದಲ್ಲಿ ನಾವು ಮೆಮೊರಿಯಲ್ಲಿ ಎಲ್ಲಿ ಏನು ಬಿಟ್ಟರೂ ಹಿಂದಿನಿಂದ ಒಬ್ಬರು ಬಂದು ಗುಡಿಸುತ್ತಿದ್ದರು. ಇಲ್ಲಿ ಆ ಆಳು ಇಲ್ಲ. ಅದಕ್ಕೇ ಇಷ್ಟು ಕಟ್ಟುನಿಟ್ಟು. ಸಿಟ್ಟು ಬಂದಾಗ ನಾನು ಎಲ್ಲ ಕಡೆ 'ಕ್ಲೋನ್', ಅಂದರೆ ಇನ್ನೊಂದು ನಕಲು ಮಾಡು, ಅಂತ ಬರೆಯುತ್ತೇನೆ. ಪಕ್ಕದ ಮನೆಯವರನ್ನು ಕೇಳಲು ಮುಜುಗರ ಅಂತ ಇನ್ನೊಂದು ಇಡ್ಲಿ ಪಾತ್ರೆ ಕೊಂಡ ಹಾಗೆ.

ನಿನ್ನೆ ರಾತ್ರಿ ಅಮ್ಮ ಹಾಲು ತಂದಿಟ್ಟು ಕೇಳಿದರು, "ಏನೋ ಅದು, ಕೆಂಪಗೆ ಕಾಣ್ತಿದೆ?"

"ಎರವಲು ಕೊಟ್ಟಿದ್ದು ಇನ್ನೂ ವಾಪಸ್ ಬಂದಿಲ್ಲವಂತೆ."

"ಯಾರ ಹತ್ತಿರ ಇದೆಯಂತೆ?"

"ಹದಿನೇಳನೇ ನಂಬರಿನಲ್ಲಿ."

"ಹೋಗಿ ಕೇಳು ಮತ್ತೆ. ಅವರಾಗೇ ಎಲ್ಲಿ ತಂದುಕೊಡ್ತಾರೆ?"