ಸತ್ಯಾಂಶ: ಬ್ಲಾಗರ್‌ನಲ್ಲಿ ಬರೆದರೆ ಗೂಗಲ್ ಮೊದಲ ಪುಟದಲ್ಲಿ ತೋರಿಸುತ್ತದೆಯೇ?

"ಬ್ಲಾಗರ್ ಗೂಗಲ್‌ನ ಸ್ವಂತದ್ದು, ಅಂಗಡಿಯ ಬರಹ ಅಲ್ಲೇ ಹಾಕಿ, ಮೊದಲ ಪುಟದಲ್ಲಿ ಬರುತ್ತೆ" ಎಂಬ ಫಾರ್ವರ್ಡ್ ದಾವಣಗೆರೆ ವ್ಯಾಪಾರಿಗಳ ವಾಟ್ಸಾಪ್‌ನಲ್ಲೂ ಓಡಾಡುತ್ತಿದೆ. ಬ್ಲಾಗ್ ಬರೆಯುವ ಉಚಿತ ತಾಣವಾದ ಬ್ಲಾಗರ್ ಅನ್ನು 2003ರಲ್ಲಿ ಗೂಗಲ್ ಕೊಂಡದ್ದು ನಿಜ. ಅಷ್ಟಕ್ಕೇ ಹುಡುಕಾಟದಲ್ಲಿ ವಿಶೇಷ ಮಣೆಯೇನೂ ಇಲ್ಲ.

ನೋಡಬೇಕಾದ್ದು ವಿಳಾಸ ಯಾರದ್ದು ಎಂಬುದನ್ನು. ಮಂಡಕ್ಕಿ ಭಟ್ಟಿಯವರು ಮೂರು ವರ್ಷ ಬ್ಲಾಗರ್ ಕೊಡುವ ಬ್ಲಾಗ್‌ಸ್ಪಾಟ್ ವಿಳಾಸದಲ್ಲೇ ಬರೆದರು ಅನ್ನಿ. ಬೇರೆ ತಾಣಗಳವರು ಕೊಟ್ಟ ಲಿಂಕ್‌ಗಳ ಬೆಲೆಯೆಲ್ಲ ಆ ವಿಳಾಸಕ್ಕೇ ಸೇರುತ್ತದೆ. ಮುಂದೆ ವರ್ಡ್‌ಪ್ರೆಸ್‌ನಂಥ ಬೇರೆ ತಾಣ ವ್ಯವಸ್ಥೆಗೆ ಹೋಗುವಾಗ ಹಳೆಯ ಪ್ರತಿ ಪುಟದಿಂದ ಹೊಸದಕ್ಕೆ 301 ರೀಡೈರೆಕ್ಟ್, ಅಂದರೆ ಬಂದವರನ್ನು ಹೊಸ ವಿಳಾಸಕ್ಕೆ ಕಳಿಸುವ ಶಾಶ್ವತ ಸೂಚನೆ, ಬೇಕು. ಬ್ಲಾಗರ್‌ನ ಸೆಟ್ಟಿಂಗ್ಸ್‌ನಲ್ಲಿ ಅದು ಅದೇ ಬ್ಲಾಗಿನ ಒಳಗಷ್ಟೇ ಸಾಧ್ಯ, ಹೊರಗಿನ ತಾಣಕ್ಕಲ್ಲ. ಪೆಟ್ಟು ಬೀಳುವುದೇ ಇಲ್ಲಿ.

ಮೊದಲೇ ಸ್ವಂತ ಡೊಮೈನ್, ಅಂದರೆ ಎಲ್ಲಿಗೆ ಹೋದರೂ ನಿಮ್ಮದಾಗಿಯೇ ಉಳಿಯುವ ತಾಣದ ವಿಳಾಸ, ಕೊಳ್ಳಿ, ನಿಮ್ಮದೇ ಇಮೇಲ್‌ನಲ್ಲಿ. ಸೈಟ್ ಮಾಡಿಕೊಟ್ಟ ಹುಡುಗನ ಖಾತೆಯಲ್ಲಿ ಬೇಡವೇ ಬೇಡ. ಬ್ಲಾಗರ್ ಬಿಡಬೇಕಿಲ್ಲ. ಡೊಮೈನ್ ಕೊಂಡ ಕಡೆ ಡಿಎನ್‌ಎಸ್‌ನಲ್ಲಿ (ವಿಳಾಸ ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವ ಪಟ್ಟಿ) ಸಿನೇಮ್ ಎಂಬ ಎರಡು ನಮೂದು ಸೇರಿಸಿ: ಒಂದು ಗೂಗಲ್ ಸರ್ವರ್‌ಗೆ ದಾರಿ, ಇನ್ನೊಂದು ಒಡೆತನದ ಸಾಕ್ಷಿ. ಎರಡನೆಯದನ್ನು ಮರೆತರೆ ಬ್ಲಾಗರ್ ವಿಳಾಸ ಒಪ್ಪುವುದಿಲ್ಲ. ಆಮೇಲೆ ಹಳೆಯ ವಿಳಾಸಕ್ಕೆ ಬಂದವರು ತಾವಾಗಿಯೇ ಹೊಸದಕ್ಕೆ ಹೋಗುತ್ತಾರೆ. ತಾಣದ ಮಾಲೀಕರಿಗಾಗಿ ಇರುವ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಸೈಟ್‌ಮ್ಯಾಪ್, ಅಂದರೆ ನಿಮ್ಮ ಪುಟಗಳ ಪಟ್ಟಿ, ಸಲ್ಲಿಸಿ.

"ಹತ್ತಿರದ ಮಂಡಕ್ಕಿ ಅಂಗಡಿ" ಎಂದು ಹುಡುಕುವವರಿಗೆ ನಕ್ಷೆಯಲ್ಲಿ ಕಾಣಿಸಲು ಮಾತ್ರ ಗೂಗಲ್ ಬಿಸಿನೆಸ್ ಪ್ರೊಫೈಲ್ ಬೇರೆಯೇ ಮಾಡಿಸಬೇಕು, ಅದಕ್ಕೆ ದುಡ್ಡಿಲ್ಲ.