ಆಕಾಶದ ಪಹಣಿ ಯಾರ ಹೆಸರಿನಲ್ಲಿದೆ?

ಕಳೆದ ಡಿಸೆಂಬರಿನ ಒಂದು ಸಂಜೆ ಸಾಗರದ ಸಮೀಪದ ನಮ್ಮ ಮನೆಯ ಅಂಗಳದಲ್ಲಿ ಎಂಟು ಹತ್ತು ಜನ ಮೆಟ್ಟುಗತ್ತಿಯ ಮುಂದೆ ಕುಳಿತು ಹಸಿ ಅಡಿಕೆ ಸುಲಿಯುತ್ತಿದ್ದೆವು. ಹಂಡೆಯಲ್ಲಿ ಚೊಗರು ಕುದಿಯುತ್ತಿತ್ತು, ಒಲೆಯ ಹೊಗೆ ಕಣ್ಣಿಗೆ ಬರುತ್ತಿತ್ತು. ಕತ್ತಲಾಗಿ ಅರ್ಧ ಗಂಟೆಯೂ ಕಳೆದಿರಲಿಲ್ಲ. ತೋಟದಾಚೆಯ ಗುಡ್ಡದ ಮೇಲಿಂದ ಮಣಿ ಪೋಣಿಸಿದಂತೆ ಒಂದರ ಹಿಂದೊಂದು ಹದಿನೈದಿಪ್ಪತ್ತು ಬೆಳಕಿನ ಚುಕ್ಕೆಗಳು ಎದ್ದು, ನೆತ್ತಿಯನ್ನು ದಾಟುವಷ್ಟರಲ್ಲಿ ಒಂದೊಂದಾಗಿ ಆರಿಹೋದವು. ಅವು ಸ್ಟಾರ್‌ಲಿಂಕ್ ಉಪಗ್ರಹಗಳು, ಅಮೆರಿಕದ ಕಂಪನಿಯೊಂದು ಇಂಟರ್‌ನೆಟ್ಟಿಗಾಗಿ ಬಿಟ್ಟದ್ದು, ಭೂಮಿಯ ನೆರಳಿಗೆ ಸರಿದ ಕೂಡಲೇ ಕಾಣದಾಗುತ್ತವೆ ಎಂದು ನನಗೆ ತಿಳಿದಷ್ಟನ್ನು ಹೇಳಿದೆ. ಪ್ರತಿ ವರ್ಷ ಸುಲಿಯಲು ಬರುವ ಹಿರಿಯ ಹೆಂಗಸೊಬ್ಬರು ಕೈ ನಿಲ್ಲಿಸದೆಯೇ, "ಅಲ್ಲ ತಮಾ, ಅಷ್ಟೆಲ್ಲ ಅಲ್ಲಿ ಬಿಡೋಕೆ ಅವ್ರು ಯಾರನ್ನ ಕೇಳಿದ್ರು?" ಎಂದರು.

ಆಕಾಶದಿಂದ ಬರುವ ತಾಪತ್ರಯಗಳ ಪರಿಚಯ ಅವರಿಗೆ ನನಗಿಂತ ಹಳೆಯದು. 1979ರ ಜುಲೈ, ಪುನರ್ವಸು ಮಳೆ ಹಿಡಿದು ಹೊಯ್ಯುತ್ತಿದ್ದ ದಿನಗಳಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ಬೀಳುತ್ತದೆಂಬ ಸುದ್ದಿ ರೇಡಿಯೊದಲ್ಲಿ ಬಂದಾಗ, ಹೇಗೂ ಎಲ್ಲರೂ ಸಾಯುತ್ತೇವಲ್ಲ ಎಂದು ಅವರ ಅಪ್ಪ ಕಾವಿಗೆ ಕೂತಿದ್ದ ಹೇಂಟೆಯನ್ನೇ ಕೊಯ್ದರಂತೆ. ಅದು ಎಲ್ಲಿ ಬೀಳುತ್ತದೆಂದು ಮೇಲೆ ಕಳಿಸಿದ ನಾಸಾಕ್ಕೂ ಖಚಿತವಿರಲಿಲ್ಲ. ಜುಲೈ 11ರಂದು ಅದರ ಚೂರುಗಳು ಹಿಂದೂ ಮಹಾಸಾಗರದಲ್ಲಿಯೂ ಪಶ್ಚಿಮ ಆಸ್ಟ್ರೇಲಿಯಾದ ಎಸ್ಪೆರೆನ್ಸ್ ಎಂಬ ಊರಿನ ಸುತ್ತಲೂ ಬಿದ್ದವು. ಅಲ್ಲಿನ ಸ್ಥಳೀಯ ಆಡಳಿತ, ಕಸ ಹಾಕಿದ್ದಕ್ಕೆಂದು ನಾಸಾದ ಮೇಲೆ 400 ಡಾಲರ್ ದಂಡ ಬರೆಯಿತು. ತಮಾಷೆಗೆ ಬರೆದದ್ದಾದರೂ ನಮ್ಮ ಗ್ರಾಮ ಪಂಚಾಯಿತಿಗಳಿಗೆ ಹೊಳೆಯದ ಧೈರ್ಯ ಅದು. ಹೇಂಟೆಗೆ ಮಾತ್ರ ಪರಿಹಾರ ಸಿಗಲಿಲ್ಲ.

ಆಕೆಯ ಪ್ರಶ್ನೆಗೆ ಕಾನೂನಿನ ಉತ್ತರ ಸರಳವಾಗಿದೆ: ಕಂಪನಿಯವರು ತಮ್ಮ ಸರ್ಕಾರವನ್ನು ಕೇಳಿದರು. ಬಾಹ್ಯಾಕಾಶವು ಇಡೀ ಮನುಕುಲಕ್ಕೆ ಸೇರಿದ ಕ್ಷೇತ್ರ, ಯಾವ ದೇಶವೂ ಅದರ ಮೇಲೆ ಒಡೆತನ ಸಾಧಿಸುವಂತಿಲ್ಲ ಎಂದು 1967ರ ಬಾಹ್ಯಾಕಾಶ ಒಪ್ಪಂದ ಹೇಳುತ್ತದೆ. ಖಾಸಗಿಯವರು ಮೇಲೆ ಹೋಗುವುದಾದರೆ ಅವರವರ ದೇಶವೇ ಅನುಮತಿ ಕೊಟ್ಟು ನಿಗಾ ಇಡಬೇಕೆಂದೂ ಅದೇ ಒಪ್ಪಂದದಲ್ಲಿದೆ. ಅಂದರೆ ಎಲ್ಲರಿಗೂ ಸೇರಿದ ಜಾಗಕ್ಕೆ ಒಬ್ಬರ ಮನೆಯ ಯಜಮಾನರು ಒಪ್ಪಿಗೆ ಕೊಟ್ಟರೆ ಸಾಕು. ತರಂಗಾಂತರಗಳು ಒಂದಕ್ಕೊಂದು ಅಡ್ಡಬರದಂತೆ ಜಿನೀವಾದ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ನೋಡಿಕೊಳ್ಳುತ್ತದೆ, ಅದೂ ಬಹುಮಟ್ಟಿಗೆ ಮೊದಲು ಅರ್ಜಿ ಹಾಕಿದವರಿಗೆ ಮೊದಲ ಆದ್ಯತೆ ಎಂಬ ಕ್ರಮದಲ್ಲಿ.

ಮಲೆನಾಡಿನವರಿಗೆ ಈ ವ್ಯವಹಾರ ಹೊಸದಲ್ಲ. ಗೋಮಾಳವೆಂದರೆ ಊರಿನ ಎಲ್ಲರ ದನಗಳಿಗೂ ಬಿಟ್ಟ ಜಾಗ ಎಂದು ದಾಖಲೆಯಲ್ಲಿ ಬರೆದಿರುತ್ತದೆ. ಆದರೆ ನಮ್ಮ ಕಣ್ಣೆದುರೇ ಗೋಮಾಳಗಳು ಕರಗಿದ್ದು ಯಾರೋ ಬಂದು ಒಂದೇ ದಿನ ಕಿತ್ತುಕೊಂಡಿದ್ದರಿಂದಲ್ಲ. ಮೊದಲು ಒಂದು ಕೊಟ್ಟಿಗೆ, ಆಮೇಲೆ ಕೊಟ್ಟಿಗೆಯ ಸುತ್ತ ಬೇಲಿ, ಬೇಲಿಗೆ ಮೂರು ವರ್ಷವಾದ ಮೇಲೆ ಒಂದು ಅರ್ಜಿ. ಮೇಲಿನ ಗೋಮಾಳದಲ್ಲಿಯೂ ಈಗ ಬೇಲಿಯ ಕಾಲ ಬಂದಿದೆಯೆಂಬುದು ನನ್ನ ಆತಂಕ.

2015ರಲ್ಲಿ ಅಮೆರಿಕ ಮಾಡಿಕೊಂಡ ಕಾನೂನು ಬಹಳ ಜಾಣತನದ್ದು. ಚಂದ್ರನಾಗಲಿ ಕ್ಷುದ್ರಗ್ರಹವಾಗಲಿ ಯಾರಿಗೂ ಸೇರಿದ್ದಲ್ಲ, ಆದರೆ ಅಲ್ಲಿಂದ ಅಗೆದು ತೆಗೆದದ್ದು ತೆಗೆದ ಅಮೆರಿಕನ್ನರಿಗೆ ಸೇರಿದ್ದು ಎಂಬುದು ಅದರ ಸಾರ. ಇದನ್ನು ಮೊದಲು ಓದಿದಾಗ ನನಗೆ ನೆನಪಾದದ್ದು ಸೊಪ್ಪಿನ ಬೆಟ್ಟ. ನೆಲ ಸರ್ಕಾರದ್ದು, ಸೊಪ್ಪು ಮತ್ತು ದರಗು ಅಡಿಕೆ ತೋಟದವರದ್ದು ಎಂಬ ಏರ್ಪಾಟನ್ನು ನಾವು ತಲೆಮಾರುಗಳಿಂದ ಅನುಭವಿಸುತ್ತ ಬಂದಿದ್ದೇವೆ. ಆದರೆ ಬೆಟ್ಟದ ಹಕ್ಕು ತೋಟಕ್ಕೆ ಅಂಟಿಕೊಂಡದ್ದು, ತೋಟದ ಅಗತ್ಯಕ್ಕೆ ಕಟ್ಟುಬಿದ್ದದ್ದು. ಮರವನ್ನೇ ಕಡಿದು ಮಾರಿದರೆ ಅರಣ್ಯ ಇಲಾಖೆಯವರು ಬಾಗಿಲಿಗೆ ಬರುತ್ತಾರೆ. ಅಮೆರಿಕದ ಕಾನೂನಿನಲ್ಲಿ ಯಾರು ಎಷ್ಟು ತೆಗೆಯಬಹುದೆಂಬ ಮಿತಿಯೇ ಇಲ್ಲ. ಇನ್ನೊಂದು ಮಾತನ್ನು ಬೆಟ್ಟದ ಹಕ್ಕು ಉಂಡವನಾಗಿ ನಾನೇ ಹೇಳಬೇಕು: ತೋಟವಿಲ್ಲದವರಿಗೆ ಬೆಟ್ಟವೂ ಇರಲಿಲ್ಲ. ರಾಕೆಟ್ಟಿಲ್ಲದವರಿಗೆ ಚಂದ್ರನೂ ಇರುವುದಿಲ್ಲ.

ಇದು ಅಮೆರಿಕದವರ ದುರಾಸೆ ಮಾತ್ರ ಎಂದು ಬೈದು ಸುಮ್ಮನಾಗುವಂತೆಯೂ ಇಲ್ಲ. ಚಂದ್ರನ ಸಂಪತ್ತು ಮನುಕುಲದ ಸಮಾನ ಪರಂಪರೆ ಎಂದ 1979ರ ಚಂದ್ರ ಒಪ್ಪಂದಕ್ಕೆ ಭಾರತ 1982ರಲ್ಲಿ ಸಹಿ ಹಾಕಿತು, ಇಂದಿನವರೆಗೂ ಅನುಮೋದಿಸಿಲ್ಲ. 2023ರ ಏಪ್ರಿಲಿನಲ್ಲಿ ಹೊರಬಂದ ಭಾರತೀಯ ಬಾಹ್ಯಾಕಾಶ ನೀತಿಯಲ್ಲಿ, ಬಾಹ್ಯಾಕಾಶದಿಂದ ಸಂಪನ್ಮೂಲ ತೆಗೆದ ಸರ್ಕಾರೇತರ ಸಂಸ್ಥೆಗಳು ಅದನ್ನು ಹೊಂದಬಹುದು, ಸಾಗಿಸಬಹುದು, ಮಾರಬಹುದು ಎಂಬ ಸಾಲು ಸದ್ದಿಲ್ಲದೆ ಸೇರಿಕೊಂಡಿದೆ. ಅದು ನೀತಿಯೇ ಹೊರತು ಸಂಸತ್ತಿನಲ್ಲಿ ಚರ್ಚೆಯಾಗಿ ಅಂಗೀಕಾರವಾದ ಕಾಯ್ದೆಯಲ್ಲ. ಅದಾಗಿ ಎರಡು ತಿಂಗಳಿಗೆ, ಜೂನಿನಲ್ಲಿ, ಚಂದ್ರನ ಅನ್ವೇಷಣೆಗೆಂದು ಅಮೆರಿಕದ ಮುಂದಾಳತ್ವದಲ್ಲಿ ರೂಪುಗೊಂಡ ಆರ್ಟೆಮಿಸ್ ಒಡಂಬಡಿಕೆಗೂ ಭಾರತ ಸಹಿ ಹಾಕಿತು. ಸಂಪನ್ಮೂಲ ತೆಗೆದ ಮಾತ್ರಕ್ಕೆ ಒಡೆತನ ಸಾಧಿಸಿದಂತಾಗುವುದಿಲ್ಲವೆಂದು ಅದು ಹೇಳುತ್ತದೆ. ಕೆಲಸ ನಡೆಯುವ ಜಾಗದ ಸುತ್ತ 'ಸುರಕ್ಷತಾ ವಲಯ' ಇಟ್ಟುಕೊಳ್ಳಲು ಅವಕಾಶ ಕೊಡುತ್ತದೆ. ಕೊಟ್ಟಿಗೆಯ ಸುತ್ತಲಿನ ಬೇಲಿ ನೆನಪಾಗದಿರುವುದು ಹೇಗೆ?

ಮತ್ತೆರಡು ತಿಂಗಳಿಗೆ, ಆಗಸ್ಟ್ 23ರ ಸಂಜೆ, ಚಂದ್ರಯಾನ-3 ಇಳಿಯಿತು. ನಮ್ಮೂರ ಶಾಲೆಯಲ್ಲಿ ಮಕ್ಕಳ ನಡುವೆ ಕೂತು ನೋಡಿದ ನನಗೂ ಕಣ್ಣು ತುಂಬಿತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದಾದ ಮೇಲೆ ನಾವು ಜಗಳವಾಡಿದ್ದು ಇಳಿದ ಜಾಗಕ್ಕೆ 'ಶಿವಶಕ್ತಿ' ಎಂದು ಹೆಸರಿಟ್ಟದ್ದು ಸರಿಯೇ, 2008ರಲ್ಲಿ ಚಂದ್ರಯಾನ-1ರ ಶೋಧಕ ಬಿದ್ದ ಜಾಗಕ್ಕೆ 'ಜವಾಹರ್' ಎಂದು ಹೆಸರಿಟ್ಟದ್ದು ಸರಿಯೇ ಎಂಬುದರ ಬಗ್ಗೆ. ಚಂದ್ರನ ಮೇಲೆ ಯಾರ ದೇವರ ಹೆಸರು, ಯಾರ ನಾಯಕರ ಹೆಸರು ಎಂದು ಫೇಸ್‌ಬುಕ್ಕಿನಲ್ಲಿ ವಾರಗಟ್ಟಲೆ ಬಡಿದಾಡಿದ ನಾವು, ಅಲ್ಲಿನ ನೀರು ಯಾರದ್ದು ಎಂದು ಒಂದು ದಿನವೂ ಕೇಳಿಕೊಳ್ಳಲಿಲ್ಲ. ಚಂದ್ರನಲ್ಲಿ ನೀರಿನ ಅಣುಗಳಿವೆಯೆಂದು 2009ರಲ್ಲಿ ಜಗತ್ತಿಗೆ ತಿಳಿದದ್ದು ನಮ್ಮದೇ ಚಂದ್ರಯಾನ-1 ಹೊತ್ತೊಯ್ದಿದ್ದ ಅಮೆರಿಕದ ಉಪಕರಣದಿಂದ. ಈಗ ಎಲ್ಲರೂ ದಕ್ಷಿಣ ಧ್ರುವದ ಕಡೆಗೆ ಮುಖ ಮಾಡಿರುವುದು ಬಹುಮಟ್ಟಿಗೆ ಅಲ್ಲಿರುವ ಹಿಮದ ಆಸೆಗೇ.

ಕೇಳಿದವರು ಯಾರೂ ಇರಲಿಲ್ಲವೇ ಎಂದರೆ, ಇದ್ದರು. 1976ರಲ್ಲಿ ಕೊಲಂಬಿಯಾ, ಇಕ್ವೆಡಾರ್, ಕೀನ್ಯಾ, ಉಗಾಂಡ, ಇಂಡೊನೇಷ್ಯಾ ಮೊದಲಾದ ಸಮಭಾಜಕ ವೃತ್ತದ ಎಂಟು ದೇಶಗಳು ಬೊಗೊಟಾದಲ್ಲಿ ಸೇರಿ, ನಮ್ಮ ನೆತ್ತಿಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ, ಉಪಗ್ರಹ ಒಂದೇ ಕಡೆ ನಿಂತಂತೆ ಕಾಣುವ ಭೂಸ್ಥಿರ ಕಕ್ಷೆಯ ಭಾಗ ನಮ್ಮದು ಎಂದು ಘೋಷಿಸಿದವು. 1967ರ ಒಪ್ಪಂದದ ಪ್ರಕಾರ ಆ ವಾದ ನಿಲ್ಲುವಂಥದ್ದಲ್ಲ, ನಿಲ್ಲಲೂ ಇಲ್ಲ. ಆದರೆ ಉಳ್ಳವರು ಮೊದಲೇ ಬಂದು ಕೂತರೆ ನಾಳೆ ನಮಗೆ ಜಾಗ ಸಿಗುವುದಿಲ್ಲವೆಂಬ ಅವರ ಭಯ ನಿಜವಾದದ್ದು, ಮತ್ತು ಬಡ ದೇಶಗಳು ಗಲಾಟೆ ಮಾಡಿದ್ದರಿಂದಲೇ 1980ರ ದಶಕದಲ್ಲಿ ಪ್ರತಿಯೊಂದು ದೇಶಕ್ಕೂ ಆ ಕಕ್ಷೆಯಲ್ಲಿ ಒಂದು ಸ್ಥಾನವನ್ನಾದರೂ ಮೀಸಲಿಡುವ ಯೋಜನೆ ಬಂತು. (ಟೋಂಗಾ ಎಂಬ ಪುಟ್ಟ ದ್ವೀಪರಾಷ್ಟ್ರ ತನಗೆ 16 ಸ್ಥಾನ ಬೇಕೆಂದು ಅರ್ಜಿ ಹಾಕಿ, ಸಿಕ್ಕ ಕೆಲವನ್ನು ಬಾಡಿಗೆಗೆ ಕೊಟ್ಟಿತು. ಗೋಮಾಳದಲ್ಲಿ ಇಂಥವರೊಬ್ಬರು ಪ್ರತಿ ಊರಿನಲ್ಲಿಯೂ ಇರುತ್ತಾರೆ.) ಕೆಳಗಿನ ಕಕ್ಷೆಗಳಲ್ಲಿ, ಅಂದರೆ ಸ್ಟಾರ್‌ಲಿಂಕ್ ತಿರುಗುವ ಎತ್ತರದಲ್ಲಿ, ಅಂಥ ಮೀಸಲು ಇಲ್ಲ. 2019ರ ಮೇ ತಿಂಗಳಲ್ಲಿ 60 ಉಪಗ್ರಹಗಳಿಂದ ಆರಂಭಿಸಿದ ಆ ಕಂಪನಿಯವು ಈಗ ಸಾವಿರಗಟ್ಟಲೆ ಇವೆ.

ಇಂಟರ್‌ನೆಟ್ ಬೇಡವೇ ಎಂದು ನೀವು ಕೇಳಬಹುದು. ಬೇಕು. ಕೋವಿಡ್ ಕಾಲದಲ್ಲಿ ಹೊಸನಗರದ, ಶರಾವತಿ ಹಿನ್ನೀರಿನಾಚೆಯ ಊರುಗಳ ಮಕ್ಕಳು ಕೊಡೆ ಹಿಡಿದು ಗುಡ್ಡ ಹತ್ತಿ ಪಾಠ ಕೇಳಿದ್ದನ್ನು ಕಂಡವರಾರೂ ಬೇಡವೆನ್ನಲಾರರು. ಅದೇ ಕಂಪನಿಗೆ 2025ರಲ್ಲಿ ಭಾರತದ ಪರವಾನಗಿಯೂ ಸಿಕ್ಕಿದೆ. ನನ್ನ ತಕರಾರು, ಬೇರೆಯವರ ಕೈಯಲ್ಲಿರುವ ಸ್ವಿಚ್ಚಿನ ಬಗ್ಗೆ. 1975ರ ಆಗಸ್ಟ್ 1ರಂದು, ತುರ್ತು ಪರಿಸ್ಥಿತಿ ಹೇರಿ ಐದು ವಾರಗಳಾಗಿದ್ದಾಗ, ಸೈಟ್ ಎಂಬ ಪ್ರಯೋಗ ಶುರುವಾಯಿತು. ಅಮೆರಿಕ ಎರವಲು ಕೊಟ್ಟ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕೃಷಿ, ಆರೋಗ್ಯ, ಶಿಕ್ಷಣದ ಕಾರ್ಯಕ್ರಮಗಳು ಟಿವಿಯಲ್ಲಿ ತಲುಪಿದವು; ನಮ್ಮ ರಾಜ್ಯದಲ್ಲಿ ಕಲಬುರಗಿ, ರಾಯಚೂರು, ವಿಜಯಪುರದ ಕಡೆಯ ಹಳ್ಳಿಗಳು ಅದರಲ್ಲಿದ್ದವು. ಸರಿಯಾಗಿ ಒಂದು ವರ್ಷವಾದ ಮೇಲೆ ಉಪಗ್ರಹವನ್ನು ಕೊಟ್ಟವರು ಹಿಂದಕ್ಕೆ ತೆಗೆದುಕೊಂಡರು. ಇನ್‌ಸ್ಯಾಟ್ ಎಂಬ ನಮ್ಮದೇ ಉಪಗ್ರಹಗಳೂ, ಅವನ್ನು ನಿಯಂತ್ರಿಸಲು ಮಲೆನಾಡಿನ ಅಂಚಿನ ಹಾಸನದಲ್ಲಿ ಎದ್ದ ಕೇಂದ್ರವೂ ಬೇಕಾಗಿದ್ದದ್ದು ಏಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಗೊತ್ತಿಲ್ಲ. ಬಡ ದೇಶಕ್ಕೇಕೆ ರಾಕೆಟ್ಟು ಎಂಬ ಸವೆದ ಪ್ರಶ್ನೆಯನ್ನು ನಾನು ಕೇಳದಿರುವುದೂ ಇದಕ್ಕೇ.

ಆದರೆ ನಮ್ಮದೇ ಉಪಗ್ರಹ ನಮ್ಮನ್ನು ನೋಡುವಾಗಲೂ, ನೋಡುವವರು ಯಾರು, ನೋಡಿಸಿಕೊಳ್ಳುವವರು ಯಾರು ಎಂಬುದು ಉಳಿದೇ ಇರುತ್ತದೆ. ಇಸ್ರೊ ಅಧ್ಯಕ್ಷರಾಗಿದ್ದ ದಿವಂಗತ ಕಸ್ತೂರಿರಂಗನ್ ಅವರ ನೇತೃತ್ವದ ಸಮಿತಿ 2013ರಲ್ಲಿ ಪಶ್ಚಿಮ ಘಟ್ಟದ ಸುಮಾರು ಶೇ. 37 ಭಾಗವನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಗುರುತಿಸಿದ್ದು ಉಪಗ್ರಹ ಚಿತ್ರಗಳ ಆಧಾರದ ಮೇಲೆ. ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಚಿತ್ರದ ಒಂದೊಂದು ಚುಕ್ಕೆ ನೆಲದ ಮೇಲೆ ಸುಮಾರು 24 ಮೀಟರ್ ಚೌಕ, ಅಂದರೆ ಒಂದು ಮನೆ, ಅಂಗಳ, ಕೊಟ್ಟಿಗೆ, ಬಚ್ಚಲು ಎಲ್ಲ ಸೇರಿ ಒಂದೇ ಬಣ್ಣ. ತೋಟ, ಊರುಗಳನ್ನು ನೈಸರ್ಗಿಕ ಕಾಡಿನಿಂದ ಬೇರ್ಪಡಿಸಲು ಸಮಿತಿ ಯತ್ನಿಸಿತ್ತೆಂಬುದನ್ನು ನ್ಯಾಯವಾಗಿ ಹೇಳಬೇಕು. ತೊಡಕಾದದ್ದು, ಹಳ್ಳಿಯ ಶೇ. 20ರಷ್ಟು ನೆಲ ಸೂಕ್ಷ್ಮವೆಂದಾದರೆ ಇಡೀ ಹಳ್ಳಿಯನ್ನೇ ಪಟ್ಟಿಗೆ ಸೇರಿಸಿದ್ದರಿಂದ. ಕಾಡು ಉಳಿಯಬೇಕೆನ್ನುವವರಲ್ಲಿ ನಾನೂ ಒಬ್ಬ. ಹಾಗಿದ್ದೂ, ಗ್ರಾಮಸಭೆಯಲ್ಲಿ ಕೇಳಬೇಕಾದ ಮಾತನ್ನು ಕಕ್ಷೆಯಿಂದ ಕೇಳಿದರೆ ಜನ ಕಾಡಿನ ಮೇಲೆಯೇ ಸಿಟ್ಟಾಗುತ್ತಾರೆಂಬುದನ್ನು ಈ ಹತ್ತು ಹನ್ನೆರಡು ವರ್ಷಗಳಲ್ಲಿ ಕಂಡಿದ್ದೇನೆ.

ಅಳತೆ ಯಾರ ಕೈಯಲ್ಲಿದೆಯೆಂಬುದು ಸಾಗರ ಸೀಮೆಗೆ ಹಳೆಯ ಜಗಳ. 1951ರ ಕಾಗೋಡು ಸತ್ಯಾಗ್ರಹದ ಮೂಲದಲ್ಲಿದ್ದ ತಕರಾರುಗಳಲ್ಲಿ ಒಂದು, ಗೇಣಿ ಭತ್ತ ಅಳೆಯುವ ಕೊಳಗದ್ದು. ಒಡೆಯರು ಪಡೆಯುವಾಗ ಬಳಸುವ ಕೊಳಗ ದೊಡ್ಡದೆಂದು ಗೇಣಿದಾರರು ತಿರುಗಿಬಿದ್ದರು. ಸಮಾಜವಾದಿ ನಾಯಕ ಲೋಹಿಯಾ ಅವರು ಇಲ್ಲಿಗೆ ಬಂದು ಬಂಧನಕ್ಕೊಳಗಾದರು.

ಅಂದು ಅಂಗಳದಲ್ಲಿ ಪ್ರಶ್ನೆ ಕೇಳಿದ ಆ ಅಕ್ಕನ ಮನೆಯವರು ಮೂವತ್ತು ಗುಂಟೆ ತೋಟಕ್ಕೆ ಬಗರ್ ಹುಕುಂ ಅರ್ಜಿ ಹಾಕಿದ್ದಾರೆ. ಕಚೇರಿಯೊಂದರಲ್ಲಿ ಕಂಪ್ಯೂಟರಿನ ಪರದೆಯ ಮೇಲೆ ಹಳೆಯ ವರ್ಷದ ಉಪಗ್ರಹ ಚಿತ್ರ ತೋರಿಸಿ, ಇಲ್ಲಿ ಬರೀ ಮರಗಳಿವೆಯಲ್ಲ, ತೋಟವೆಲ್ಲಿದೆ ಎಂದರಂತೆ. ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆ ಅದು. ಇಕ್ಕೆಲಗಳ ಮರಗಳು ಬಾಗಿ ನೆರಳು ಹಾಸಿರುವ ಜಾಗದಲ್ಲಿ, ಬಾಳೆಯ ಮರೆಯಲ್ಲಿ ನಿಂತ ಅಡಿಕೆ ಸಸಿ ಮೇಲಿಂದ ಕಾಣುವುದಾದರೂ ಹೇಗೆ?

ಫೆಬ್ರವರಿಯಲ್ಲಿ ಗ್ರಾಮ ಆಡಳಿತ ಅಧಿಕಾರಿ ಸ್ಥಳ ನೋಡಲು ಬಂದಾಗ ನಾನೂ ಜೊತೆಗಿದ್ದೆ. ಆಕೆ ಅವರನ್ನು ತೋಟದ ಅತಿ ಹಳೆಯ ಮರದ ಬುಡಕ್ಕೆ ಕರೆದೊಯ್ದು, "ಗೆಣ್ಣು ಎಣಿಸಿ ಸರ್" ಎಂದರು. ಅಡಿಕೆ ಮರದಲ್ಲಿ ವರ್ಷಕ್ಕೆ ಆರೇಳು ಹಾಳೆ ಬೀಳುತ್ತವೆ, ಬಿದ್ದಲ್ಲೆಲ್ಲ ಒಂದು ಗೆಣ್ಣು ಉಳಿಯುತ್ತದೆ. ಆ ಹುಡುಗ ಮೊದಲು ನಕ್ಕರು, ಆಮೇಲೆ ಎಣಿಸಿದರು. ನೂರು ದಾಟಿದ ಮೇಲೆ ಹಿಂದಕ್ಕೆ ಸರಿದು ಕತ್ತೆತ್ತಿ, ಬೆರಳು ಆಡಿಸುತ್ತ ಎಣಿಸಿದರು. ನೂರೈವತ್ತರ ಸುಮಾರಿಗೆ ಲೆಕ್ಕ ತಪ್ಪಿತು. ಆಕೆ ಮತ್ತೆ ಬುಡದಿಂದ ಶುರುಮಾಡಿಸಿದರು. ಕೊನೆಗೆ ಮಹಜರಿನಲ್ಲಿ ಗೆಣ್ಣಿನ ಲೆಕ್ಕವನ್ನೂ ಬರೆದುಕೊಂಡು ಹೋಗಿದ್ದಾರೆ. ಆ ಲೆಕ್ಕಕ್ಕೆ ಚಿತ್ರದೆದುರು ಎಷ್ಟು ಬೆಲೆ ಕೊಡುತ್ತಾರೋ ನೋಡಬೇಕು. ಕಡತ ಇನ್ನೂ ವಾಪಸು ಬಂದಿಲ್ಲ.